ಅಪ್ಪನ ಹಳೇ ಆಂಪ್ಲಿಫೈಯರ್: 4558 ತೆಗೆದು ಯಾವ ಆಪ್-ಆಂಪ್ ಹಾಕಲಿ?

ಜೇವರ್ಗಿ ರಸ್ತೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಅಪ್ಪ ತೊಂಬತ್ತರ ದಶಕದಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಮೆಕ್ಯಾನಿಕ್ ಕಡೆ ಮಾಡಿಸಿಕೊಂಡ ಅಸೆಂಬಲ್ ಸೆಟ್ ಒಂದು ನಮ್ಮನೇಲಿದೆ. ತಗಡಿನ ಡಬ್ಬಿ, 24-0-24 ಟ್ರಾನ್ಸ್‌ಫಾರ್ಮರ್, ಮುಂದೆ ವಾಲ್ಯೂಮ್, ಬಾಸ್, ಟ್ರೆಬಲ್. ಬಾಸ್ ಟ್ರೆಬಲ್ ಬೋರ್ಡಿನಲ್ಲಿ ನಾಲ್ಕು 4558 (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಎಂಟು ಕಾಲಿನ ಆಪ್-ಆಂಪ್ ಐಸಿ) ಇದ್ದವು. ಅಪ್ಪ ಈಗಿಲ್ಲ. ಸೆಟ್ ಮಾತ್ರ ದಿನಾ ಬೆಳಿಗ್ಗೆ ಹಾಡುತ್ತೆ.

ಒಂದೇ ತೊಂದರೆ ಅಂದ್ರೆ ಹಾಡು ನಿಂತಾಗ ಸುಂಯ್ ಅನ್ನೋ ಸದ್ದು. ಐಸಿ ಬದಲಿಸಿದರೆ ಹೋಗುತ್ತೆ ಅಂತ ಓದಿ ನಾಲ್ಕಕ್ಕೂ ಸಾಕೆಟ್ ಹಾಕಿ ಎನ್‌ಇ5532 ಕೂರಿಸಿದೆ. ಸಣ್ಣ ದನಿಯಲ್ಲಿ ಪರವಾಗಿಲ್ಲ. ಆದ್ರೆ ಬಾಸ್ ಸ್ವಲ್ಪ ತಿರುಗಿಸಿದರೂ ದನಿ ಒಡೆಯುತ್ತೆ. ಮೊದಲು ಹೀಗಿರಲಿಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಕೂಡ ಶುರುವಾಗಿದೆ. ಈಗ ಆನ್‌ಲೈನಿನಲ್ಲಿ ನಾಲ್ಕು ಓಪಿಎ2134 ತರಿಸಿದ್ದೀನಿ. ಅವನ್ನೇ ಹಾಕಲಾ? ಇಲ್ಲ 4558 ವಾಪಸ್ ಹಾಕಿ ಸುಮ್ನಿರಲಾ?

ಯಾದಗಿರಿ ಬೆಟ್ಟ (ಯಾದಗಿರಿ)

ಅಣ್ಣಾ, 5532 ಒಳ್ಳೇ ಐಸಿ. ಎಪ್ಪತ್ತರ ದಶಕದ ಕೊನೆಯಲ್ಲಿ ಸಿಗ್ನೆಟಿಕ್ಸ್ ಕಂಪನಿ ತಂದಿದ್ದು, ಇವತ್ತಿಗೂ ಸ್ಟುಡಿಯೋ ಮಿಕ್ಸರ್‌ಗಳಲ್ಲಿ ಕೂತಿದೆ. ಅದರಿಂದ ದನಿ ಒಡೆಯೋದು ಅಂದ್ರೆ ನಂಬೋಕಾಗ್ತಿಲ್ಲ. ಡೂಪ್ಲಿಕೇಟ್ ಬಂದಿರಬಹುದಾ?

ಹಳೇ ರೇಡಿಯೋ (ಕಲಬುರಗಿ)

ತಮ್ಮಾ, ಹೊಸ ಐಸಿ ಹಾಕೋದು ಆಮೇಲೆ. ಮೊದಲು ಒಂದು ಅಳತೆ ತಗೊಂಡು ಹೇಳು. ಸೆಟ್ ಆನ್ ಮಾಡಿ, ಮೀಟರಿನ ಕಪ್ಪು ವೈರ್ ಗ್ರೌಂಡಿಗೆ ಇಟ್ಟು, ಐಸಿಯ 8ನೇ ಕಾಲು ಮತ್ತು 4ನೇ ಕಾಲಿನಲ್ಲಿ ಎಷ್ಟು ವೋಲ್ಟ್ ಇದೆ ನೋಡು. ಹುಷಾರು, ಮೀಟರಿನ ಮೊನೆ ಜಾರಿ 7 ಮತ್ತು 8 ಒಂದಾದರೆ ಐಸಿ ಹೋಗಬಹುದು. ಕಾಲಿಗೆ ಇಡೋ ಬದಲು, ಅದೇ ಲೈನಿನಲ್ಲಿರೋ ಕೆಪಾಸಿಟರ್ ಕಾಲಿಗೆ ಇಡು.

ಆ ವೋಲ್ಟೇಜ್ ಎಲ್ಲಿಂದ ಬರ್ತಿದೆ ಅದನ್ನೂ ನೋಡು. ಆ ಕಾಲದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ರೆಸಿಸ್ಟರ್, ಒಂದು ಜೀನರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯೋ ಡಯೋಡ್) ಇರುತ್ತೆ.

ಜೇವರ್ಗಿ ರಸ್ತೆ

ಕಾಕಾ, ನೋಡಿದೆ. 8ನೇ ಕಾಲಿನಲ್ಲಿ 8.1, 4ನೇ ಕಾಲಿನಲ್ಲಿ ಮೈನಸ್ 8.3. ದೊಡ್ಡ ಕೆಪಾಸಿಟರ್ ಮೇಲೆ 34 ಇದೆ. ನೀವು ಹೇಳಿದ ಹಾಗೇ ಇದೆ, ಎರಡೂ ಕಡೆ 1ಕೆ (1000 ಓಮ್) ರೆಸಿಸ್ಟರ್, 15 ವೋಲ್ಟ್ ಜೀನರ್. ಹಾಗಿದ್ರೆ 15 ಇರಬೇಕಿತ್ತು ಅಲ್ವಾ?

ಹಳೇ ರೇಡಿಯೋ

ಸಿಕ್ಕಿತು ನೋಡು. ಐಸಿ ಡೂಪ್ಲಿಕೇಟ್ ಅಲ್ಲ, ಅದಕ್ಕೆ ಹೊಟ್ಟೆಗೆ ಸಾಲ್ತಿಲ್ಲ.

ಲೆಕ್ಕ ಹಾಕೋಣ. 34ರಿಂದ 15ಕ್ಕೆ ಇಳಿಯಬೇಕು, ಅಂದ್ರೆ ರೆಸಿಸ್ಟರ್ ಮೇಲೆ 19 ವೋಲ್ಟ್. 1ಕೆ ಮೂಲಕ 19 ಮಿಲಿಆಂಪ್ ಮಾತ್ರ ಬರುತ್ತೆ. ಒಂದು 4558 ಸುಮಾರು 3.5 ಮಿಲಿಆಂಪ್ ತಿನ್ನುತ್ತೆ. ನಾಲ್ಕಕ್ಕೆ 14. ಉಳಿದ 5 ಜೀನರ್‌ಗೆ. ಮಾಡಿದವನು ಲೆಕ್ಕ ಬಲ್ಲವನು, ಸರಿಯಾಗೇ ಮಾಡಿದ್ದಾನೆ.

ಈಗ 5532 ಹಾಕಿದೆ. ಅದು ಒಂದೊಂದೂ ಸುಮಾರು 8 ಮಿಲಿಆಂಪ್. ನಾಲ್ಕಕ್ಕೆ 32. ಬರೋದೇ 19, ಕೇಳೋದು 32. ಜೀನರ್ ಕೈ ಬಿಟ್ಟಿತು, ವೋಲ್ಟೇಜ್ 8ಕ್ಕೆ ಕುಸಿಯಿತು.

ದನಿ ಯಾಕೆ ಬಾಸ್ ತಿರುಗಿಸಿದಾಗ್ಲೇ ಒಡೀತು ಅಂದ್ರೆ ಅದಕ್ಕೂ ಲೆಕ್ಕ ಇದೆ. ಸಿಡಿ ಪ್ಲೇಯರಿನಿಂದ ಬರೋದು 2 ವೋಲ್ಟ್, ಅದರ ತುದಿ 2.8. ಬಾಸ್ ಕಂಟ್ರೋಲ್ 12 ಡೆಸಿಬೆಲ್ ಏರಿಸಿದರೆ ನಾಲ್ಕು ಪಟ್ಟು, 11 ವೋಲ್ಟ್ ಮೇಲೆ ಹೋಗುತ್ತೆ. 15ರ ಸಪ್ಲೈ ಇದ್ರೆ ಐಸಿ ಸುಮಾರು 13ರ ತನಕ ಕೊಡುತ್ತೆ, ಸಾಕು. 8ರ ಸಪ್ಲೈನಲ್ಲಿ 6 ದಾಟಲ್ಲ. ಅಲೆಯ ತಲೆ ಕತ್ತರಿಸಿ ಹೋಗುತ್ತೆ.

ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ಐಸಿ ಬದಲಿಸಿ ಕೆಟ್ಟಿತು ಅಂತ ಬಂದ ಸೆಟ್‌ಗಳಲ್ಲಿ ನಾನು ಮೊದಲು ಮುಟ್ಟೋದು ಸಪ್ಲೈನೇ.

ಬೀದರ್ ಬೆಸುಗೆ (ಬೀದರ್)

ಕಾಕಾ ಹೇಳಿದ್ದು ಸೇರಿಸಿ ಒಂದು ಮಾತು. ನೀವು ತರಿಸಿದ ಓಪಿಎ2134 ಕೂಡ ಒಂದಕ್ಕೆ 8 ಮಿಲಿಆಂಪ್ ತಿನ್ನುತ್ತೆ. ಎಲ್‌ಎಂ4562 ಹಾಕಿದ್ರೆ 10. ಈ ಸಪ್ಲೈ ಮೇಲೆ ಯಾವುದು ಹಾಕಿದ್ರೂ ಅದೇ ಗತಿ. ಸಪ್ಲೈ ಮುಟ್ಟದೆ ಬದಲಿಸಬೇಕು ಅಂದ್ರೆ ಟಿಎಲ್072 ಇದೆ, ಅದು 3 ಮಿಲಿಆಂಪ್ ಒಳಗೇ ಮುಗಿಸುತ್ತೆ.

ಜೇವರ್ಗಿ ರಸ್ತೆ

ಒಂದು ಐಸಿ ಎಷ್ಟು ಕರೆಂಟ್ ತಿನ್ನುತ್ತೆ ಅಂತ ನಾನು ನೋಡಲೇ ಇಲ್ಲ. ಎಲ್ಲರೂ ಸ್ಲೂ ರೇಟ್ (ಐಸಿ ಕೊಡೋ ವೋಲ್ಟೇಜ್ ಎಷ್ಟು ಬೇಗ ಬದಲಾಗಬಲ್ಲದು ಅನ್ನೋದು), ನಾಯ್ಸ್ ಅಂತಾರೆ, ಅಷ್ಟನ್ನೇ ನೋಡಿದೆ. ಹಾಗಾದ್ರೆ 1ಕೆ ತೆಗೆದು 470 ಓಮ್ ಹಾಕಿದರೆ ಸಾಕಾ?

ಬೀದರ್ ಬೆಸುಗೆ

ಕಾಗದದ ಮೇಲೆ ಸಾಕು. 19 ವೋಲ್ಟ್, 470 ಓಮ್, 40 ಮಿಲಿಆಂಪ್. ಐಸಿಗೆ 32 ಹೋಗಿ 8 ಉಳಿಯುತ್ತೆ. ರೆಸಿಸ್ಟರ್ ಮುಕ್ಕಾಲು ವಾಟ್ ಬಿಸಿಯಾಗುತ್ತೆ, 2 ವಾಟ್‌ದು ಬೇಕು. ಜೀನರ್ 1 ವಾಟ್‌ದು ಇರಲಿ.

ಆದ್ರೆ ನಮ್ಮ ಕಡೆ ಕರೆಂಟು ನಿಮಗೆ ಗೊತ್ತಲ್ಲ. ಬೇಸಿಗೆ ಸಂಜೆ ಎಲ್ಲರ ಮನೆ ಕೂಲರ್ ಓಡುವಾಗ 190ಕ್ಕೆ ಇಳಿಯಿತು ಅಂದುಕೊಳ್ಳಿ. 34 ಇದ್ದದ್ದು 28 ಆಗುತ್ತೆ. ಆಗ 470 ಓಮ್ ಮೂಲಕ 28 ಮಿಲಿಆಂಪ್ ಕೂಡ ಬರಲ್ಲ. ಮತ್ತೆ ಕುಸಿತ.

7815, 7915 (ವೋಲ್ಟೇಜ್ 15ಕ್ಕೆ ಕಟ್ಟಿಡೋ ರೆಗ್ಯುಲೇಟರ್ ಐಸಿ) ಹಾಕೋಣ ಅಂತ ಅನ್ನಿಸುತ್ತೆ. ಅವುಗಳ ಮಿತಿ 35 ವೋಲ್ಟ್. ರಾತ್ರಿ ಲೈನ್ 250 ಆದ್ರೆ ನಿಮ್ಮ 34 ಹೋಗಿ 37 ಆಗುತ್ತೆ. ಬೇಡ. ಎಲ್‌ಎಂ317 ಮತ್ತು ಎಲ್‌ಎಂ337 ಜೋಡಿ ಹಾಕಿ. ಅವು ಒಳಗಿನ ಮತ್ತು ಹೊರಗಿನ ವೋಲ್ಟೇಜಿನ ವ್ಯತ್ಯಾಸ 40ರ ತನಕ ತಡೆಯುತ್ತವೆ. 220 ಓಮ್ ಮತ್ತು 2.4ಕೆ ಹಾಕಿದರೆ 15ರ ಹತ್ತಿರ ಬರುತ್ತೆ.

ಒಂದು ಕಡೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೀನಿ. ಎರಡರ ಕಾಲು ಒಂದೇ ಥರ ಅಲ್ಲ. ಅಕ್ಷರ ನಿಮ್ಮ ಕಡೆ ಇಟ್ಟುಕೊಂಡು ಎಡದಿಂದ ನೋಡಿದರೆ 317ರಲ್ಲಿ ಅಡ್ಜಸ್ಟ್, ಔಟ್, ಇನ್. 337ರಲ್ಲಿ ಅಡ್ಜಸ್ಟ್, ಇನ್, ಔಟ್. ಬೆನ್ನಿನ ತಗಡು 317ರಲ್ಲಿ ಔಟ್, 337ರಲ್ಲಿ ಇನ್. ಡಬ್ಬಿಗೆ ಬಿಗಿಯುವಾಗ ಮೈಕಾ ಹಾಳೆ ಹಾಕದಿದ್ದರೆ ನೇರ ಶಾರ್ಟ್. ಚಿಕ್ಕ ಹೀಟ್ ಸಿಂಕ್ ಕೂಡ ಕೊಡಿ. ಮೇ ತಿಂಗಳಲ್ಲಿ ಹೊರಗೇ 42, 43 ಇರುವಾಗ ಡಬ್ಬಿಯ ಒಳಗೆ ಎಷ್ಟಿರಬೇಕು!

ಯಾದಗಿರಿ ಬೆಟ್ಟ

ಸ್ಲೂ ರೇಟ್ ಬಗ್ಗೆ ನನಗೊಂದು ಪ್ರಶ್ನೆ. 4558ದು ಮೈಕ್ರೋಸೆಕೆಂಡಿಗೆ 1 ವೋಲ್ಟ್. 5532ದು 9. ಓಪಿಎ2134ದು 20. ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ? ನಾನು ಅದೇ ನಂಬಿ ಹೋದ ವರ್ಷ ಎಡಿ827 ಹಾಕಿದ್ದೆ, ಅದು 300. ನಾನು ಹಾಕಿದ್ದು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡೋ) ಬೋರ್ಡಿಗೆ. ದನಿ ಬಂತು, ಆದ್ರೆ ಐಸಿ ಮೇಲೆ ಬೆರಳಿಟ್ಟರೆ ಚುರ್ ಅಂತಿತ್ತು. ಎರಡು ದಿನದಲ್ಲಿ ಒಂದು ಟ್ವೀಟರ್ ಸತ್ತಿತು. ಕಾಲೇಜಿನ ಆಸಿಲೋಸ್ಕೋಪಿಗೆ ಹಾಕಿ ನೋಡಿದರೆ ಹಾಡೇ ಇಲ್ಲದಾಗಲೂ ಪರದೆ ತುಂಬ ದಪ್ಪ ಪಟ್ಟಿ. ಮೆಗಾಹರ್ಟ್ಸ್‌ಗಟ್ಟಲೆ ಒದರುತ್ತಿತ್ತು ಅದು. ಕಿವಿಗೆ ಕೇಳಲ್ಲ, ಟ್ವೀಟರ್‌ಗೆ ಗೊತ್ತಾಗುತ್ತೆ.

ಹಳೇ ರೇಡಿಯೋ

ಪಾಪ, ಟ್ವೀಟರ್ ಹೋಯ್ತಾ. ಲೆಕ್ಕ ಹೇಳ್ತೀನಿ, ಬರೆದಿಟ್ಟುಕೋ ಮಗಳೇ. ಎಷ್ಟು ಸ್ಲೂ ರೇಟ್ ಬೇಕು ಅಂದ್ರೆ 2 ಗುಣಿಸು 3.14 ಗುಣಿಸು ಫ್ರೀಕ್ವೆನ್ಸಿ ಗುಣಿಸು ತುದಿ ವೋಲ್ಟೇಜ್. 20,000 ಹರ್ಟ್ಸ್, 10 ವೋಲ್ಟ್ ಅಂದ್ರೆ ಮೈಕ್ರೋಸೆಕೆಂಡಿಗೆ 1.26 ವೋಲ್ಟ್. ಇದು ತೀರಾ ಕಠಿಣ ಲೆಕ್ಕ, ಯಾವ ಹಾಡಿನಲ್ಲೂ 20,000ದಲ್ಲಿ ಅಷ್ಟು ಜೋರು ಇರಲ್ಲ. 2.8 ವೋಲ್ಟಿಗೆ 0.35 ಸಾಕು. ಅಂದ್ರೆ 4558 ಕೂಡ ಬಹಳ ಕಡೆ ಕೆಲಸ ನಡೆಸುತ್ತೆ, ತುದಿಯಲ್ಲಿ ಮಾತ್ರ ಸೋಲುತ್ತೆ. 5532ರ 9 ಇದ್ರೆ ನಿಶ್ಚಿಂತೆ. 300 ಇಟ್ಟುಕೊಂಡು ಏನು ಮಾಡೋದು?

ವೇಗದ ಐಸಿಗೆ ಬೋರ್ಡೂ ಅದಕ್ಕೆ ತಕ್ಕ ಹಾಗೆ ಇರಬೇಕು. ಉದ್ದ ವೈರು, ತೆಳು ಗ್ರೌಂಡು, ಹತ್ತಿರ ಕೆಪಾಸಿಟರ್ ಇಲ್ಲ ಅಂದ್ರೆ ಅದು ಒದರದೆ ಇನ್ನೇನು. ಯಾವ ಐಸಿ ಹಾಕಿದ್ರೂ ಸಾಕೆಟ್ ಅಡಿಯಲ್ಲಿ 4 ಮತ್ತು 8ರ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಒಂದು ಹಾಕು, ಕಾಲು ಗಿಡ್ಡ ಇರಲಿ. 104 ಅಂತ ಬರೆದಿರುತ್ತೆ.

ತಂಬೂರಿ ಟೀಚರ್ (ಕಲಬುರಗಿ)

ನಾನು ಎಂಜಿನಿಯರ್ ಅಲ್ಲ, ಸಂಗೀತ ಹೇಳಿಕೊಡ್ತೀನಿ. ಒಂದು ಅನುಭವ ಬರೀತೀನಿ. ನಮ್ಮ ತಮ್ಮ ನನ್ನ ಪ್ರೀಆಂಪ್‌ನಲ್ಲಿ 5532 ಮತ್ತು ಓಪಿಎ2134 ಬದಲಿಸಿ ಬದಲಿಸಿ ಹಾಕಿ ಕೇಳಿಸಿದ. ಯಾವುದು ಇದೆ ಅಂತ ಹೇಳದೆ, ಹತ್ತು ಸಲ. ನಾನು ಕಣ್ಣು ಮುಚ್ಚಿ ತಂಬೂರಿ ಶ್ರುತಿಯನ್ನೇ ಕೇಳಿದೆ. ತಂತಿ ಮೀಟಿದ ಮೇಲೆ ದನಿ ಕರಗಿ ಹೋಗುತ್ತಲ್ಲ, ಅಲ್ಲಿ ಏನಾದ್ರೂ ವ್ಯತ್ಯಾಸ ಇದ್ರೆ ಗೊತ್ತಾಗಲೇಬೇಕು. ಐದು ಸಲ ಸರಿ ಹೇಳಿದೆ, ಐದು ಸಲ ತಪ್ಪು. ಅಂದ್ರೆ ನನಗೆ ಗೊತ್ತಾಗಲಿಲ್ಲ. ಸಪ್ಲೈ ಸರಿ ಇದ್ದ ಪ್ರೀಆಂಪ್ ಅದು.

4558ರಿಂದ 5532ಕ್ಕೆ ಬಂದಾಗ ಮಾತ್ರ ಸುಂಯ್ ಸದ್ದು ಇಳಿದದ್ದು ಸ್ಪಷ್ಟವಾಗಿ ಕೇಳಿಸಿತ್ತು.

ಬೀದರ್ ಬೆಸುಗೆ

ಟೀಚರ್, ನಿಮ್ಮ ಮಾತಿಗೆ ಗೌರವ ಇದೆ. ಆದ್ರೆ ನನ್ನ ಹೆಡ್‌ಫೋನ್ ಆಂಪ್‌ನಲ್ಲಿ ನನಗೆ ವ್ಯತ್ಯಾಸ ಕೇಳುತ್ತೆ. ಕಣ್ಣು ಮುಚ್ಚಿ ಪರೀಕ್ಷೆ ಮಾಡಿಲ್ಲ, ಅದನ್ನು ಒಪ್ಪಿಕೊಳ್ತೀನಿ. ಈ ಭಾನುವಾರ ಅಣ್ಣನ ಮಗನ ಕೈಲಿ ಬದಲಿಸಿ ನೋಡ್ತೀನಿ.

ಆಳಂದ ಮಂಡಳಿ (ಆಳಂದ)

ನಮ್ಮದು ಭಜನಾ ಮಂಡಳಿ. ತತ್ವಪದ ಹಾಡ್ತೀವಿ. ಏಕತಾರಿ, ದಮ್ಮಡಿ, ಎರಡು ಮೈಕು. ಮಿಕ್ಸರ್ ಆರು ಚಾನೆಲ್‌ದು. ಹಾಡು ನಿಧಾನ ಆದಾಗ ಸುಂಯ್ ಸದ್ದು ಗುಡಿ ತುಂಬ. ನಮಗೂ ಐಸಿ ಬದಲಿಸಿದರೆ ಹೋಗುತ್ತಾ?

ಹಳೇ ರೇಡಿಯೋ

ಮೈಕಿನದು ಬೇರೆ ಕಥೆ. ಮಿಕ್ಸರ್ ಬಿಚ್ಚಿ ಮೈಕ್ ಸಾಕೆಟ್ ಹಿಂದೆ ಮೊದಲು ಏನಿದೆ ನೋಡಿ. ನೇರ ಐಸಿ ಇದ್ರೆ ಬದಲಿಸಿದ್ದು ಕೇಳುತ್ತೆ. 200 ಓಮ್ ಮೈಕ್ ತಾನಾಗಿ ಮಾಡೋ ಸದ್ದು ಎರಡು ನ್ಯಾನೋವೋಲ್ಟ್ ಕೂಡ ಇಲ್ಲ, ಅಲ್ಲಿ ಐಸಿಯದೇ ದೊಡ್ಡದು. ಆದ್ರೆ ಬಹಳ ಮಿಕ್ಸರ್‌ಗಳಲ್ಲಿ ಐಸಿಗಿಂತ ಮುಂಚೆ ಒಂದು ಜೋಡಿ ಟ್ರಾನ್ಸಿಸ್ಟರ್ ಇರುತ್ತೆ. ಹಾಗಿದ್ರೆ ಸದ್ದು ನಿರ್ಧಾರ ಆಗೋದು ಅಲ್ಲಿ. ಹಿಂದಿನ ಐಸಿಗೆ ದುಡ್ಡು ಹಾಕಬೇಡಿ. ಮೈಕು ಬಾಯಿಗೆ ಒಂದು ಗೇಣು ಹತ್ತಿರ ತಗೊಂಡು ಗೇನ್ ಇಳಿಸಿ ನೋಡಿ ಮೊದಲು.

ಜೇವರ್ಗಿ ರಸ್ತೆ

ನನ್ನ ಸೆಟ್ಟಿನ ಸುಂಯ್ ಹಾಗಾದ್ರೆ ಎಲ್ಲಿಂದ? ವಾಲ್ಯೂಮ್ ಪೂರ್ತಿ ಇಳಿಸಿದರೆ ಬಹಳ ಕಡಿಮೆ. ಅರ್ಧಕ್ಕೆ ತಂದರೆ ಜಾಸ್ತಿ. ಪೂರ್ತಿ ಏರಿಸಿದರೆ ಮತ್ತೆ ಕಡಿಮೆ ಆಗುತ್ತೆ, ಇದೇ ನನಗೆ ಅರ್ಥ ಆಗ್ತಿಲ್ಲ. ಟಿವಿ ವೈರ್ ಹಾಕಿಯೇ ಇರುತ್ತೆ. ವಾಲ್ಯೂಮ್ 100ಕೆ. ಮುಂದೆ 0.1 ಮೈಕ್ರೋ ಕೆಪಾಸಿಟರ್. ವಾಲ್ಯೂಮಿನ ನಡುವಿನ ಕಾಲಿನಿಂದ ನೇರ ಮೊದಲ ಐಸಿಗೆ ಹೋಗುತ್ತೆ.

ಬೀದರ್ ಬೆಸುಗೆ

ಎಷ್ಟು ಚೆನ್ನಾಗಿ ನೋಡಿದ್ದೀರಿ! ಉತ್ತರ ಅದರಲ್ಲೇ ಇದೆ. ನಿಮ್ಮ ಸುಂಯ್ ವಾಲ್ಯೂಮ್ ಕಂಟ್ರೋಲಿನದು.

ಯಾವ ರೆಸಿಸ್ಟರೇ ಆಗಲಿ, ಬಿಸಿಯಿಂದ ತಾನೇ ಸದ್ದು ಮಾಡುತ್ತೆ. 1ಕೆ ಆದ್ರೆ 4 ನ್ಯಾನೋವೋಲ್ಟ್, 100ಕೆ ಆದ್ರೆ 40 (ಎಲ್ಲಾ ಪ್ರತಿ ರೂಟ್ ಹರ್ಟ್ಸ್‌ಗೆ). 100ಕೆ ಕಂಟ್ರೋಲ್ ನಡುಮಧ್ಯೆ ಇರುವಾಗ ಮೇಲೆ 50ಕೆ, ಕೆಳಗೆ 50ಕೆ. ಐಸಿಗೆ ಕಾಣೋದು ಎರಡೂ ಪಕ್ಕಪಕ್ಕ ಸೇರಿದ 25ಕೆ. ಅದರ ಸದ್ದು 20. ಎರಡು ತುದಿಯಲ್ಲಿ ಅದು ಸೊನ್ನೆ ಹತ್ತಿರ. ಅದಕ್ಕೇ ನಿಮಗೆ ನಡುವೆ ಜಾಸ್ತಿ.

ಈಗ ಐಸಿ ಸೇರಿಸಿ. ಟಿಎಲ್072ರದು 18. ಅದರ 18, ಕಂಟ್ರೋಲಿನ 20, ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ 27. 5532ರದು ಬರೀ 5. ಆದ್ರೆ ಅದಕ್ಕೆ ಕರೆಂಟಿನ ಸದ್ದು ಬೇರೆ ಇದೆ, 0.7 ಪಿಕೋಆಂಪ್. 25ಕೆ ಮೇಲೆ ಅದು 17.5 ಆಗುತ್ತೆ. ಮೂರೂ ಕೂಡಿದರೆ ಮತ್ತೆ 27! ಓಪಿಎ2134 ಆದ್ರೆ 21 ಚಿಲ್ಲರೆ. ಅಂದ್ರೆ ದುಬಾರಿ ಐಸಿಯಿಂದ ನಿಮಗೆ ಸಿಗೋದು 2 ಡೆಸಿಬೆಲ್.

ಅದೇ ಕಂಟ್ರೋಲ್ 10ಕೆ ಮಾಡಿ, 5532 ಇಡಿ. 8 ಚಿಲ್ಲರೆಗೆ ಇಳಿಯುತ್ತೆ. ಹತ್ತು ಡೆಸಿಬೆಲ್ ಕಡಿಮೆ. ಇದು ಕಿವಿಗೆ ಕೇಳುತ್ತೆ.

ಕರಕರ ಕೂಡ ಇಲ್ಲೇ. 5532ರ ಕಾಲಿನಿಂದ ಸುಮಾರು 200 ನ್ಯಾನೋಆಂಪ್ ಹರಿಯುತ್ತೆ. 100ಕೆ ಮೂಲಕ ಅದು 20 ಮಿಲಿವೋಲ್ಟ್ ಡಿಸಿ. ತಿರುಗಿಸಿದ ಹಾಗೆ ಅದು ಏರಿಳಿಯುತ್ತೆ, ಧೂಳೂ ಸೇರಿದರೆ ಕರಕರ. 10ಕೆ ಆದ್ರೆ 2 ಮಿಲಿವೋಲ್ಟ್.

ಹಳೇ ರೇಡಿಯೋ

ಶಭಾಷ್. ಆದ್ರೆ ತಮ್ಮಾ, ಕಂಟ್ರೋಲ್ ಬದಲಿಸಿ ಅಲ್ಲಿಗೇ ನಿಲ್ಲಬೇಡ. ಮುಂದಿನ 0.1 ಕೆಪಾಸಿಟರ್ 100ಕೆ ಜೊತೆ 16 ಹರ್ಟ್ಸ್ ತನಕ ಬಿಡುತ್ತೆ. 10ಕೆ ಜೊತೆ ಅದೇ 159 ಹರ್ಟ್ಸ್‌ಗೆ ಕತ್ತರಿ ಹಾಕುತ್ತೆ. ತಬಲಾದ ಬಾಯಾ ಪೂರ್ತಿ ಹೋಗುತ್ತೆ. ಆಗ ನೀನು 5532ದು ತೆಳು ದನಿ ಅಂತ ಬೈತೀಯ! ಅಲ್ಲಿ 4.7 ಮೈಕ್ರೋ ನಾನ್-ಪೋಲಾರ್ ಹಾಕು. ಕಂಟ್ರೋಲ್ ಮೇಲೆ ಎ10ಕೆ ಅಂತ ಇರಲಿ, ಬಿ ಬೇಡ. ಬಿ ತಂದರೆ ಸ್ವಲ್ಪ ತಿರುಗಿಸಿದ ತಕ್ಷಣ ಜೋರಾಗಿ ಬಿಡುತ್ತೆ.

ಜೇವರ್ಗಿ ರಸ್ತೆ

ನಾಳೆ ಹೈದರಾಬಾದಿಗೆ ಹೋಗೋದಿದೆ, ಕೋಠಿಯಲ್ಲಿ ತಗೊಂಡು ಬರ್ತೀನಿ. ಓಪಿಎ2134 ಬಂದದ್ದು ವಾಪಸ್ ಮಾಡಲಾ? ಒಂದೊಂದು ತೀರಾ ಕಡಿಮೆ ಬೆಲೆಗೆ ಸಿಕ್ಕಿತ್ತು.

ಬೀದರ್ ಬೆಸುಗೆ

ಕಡಿಮೆ ಬೆಲೆ ಅಂದ್ರೆ ಪರೀಕ್ಷೆ ಮಾಡಿ. ಬ್ರೆಡ್‌ಬೋರ್ಡ್ ಮೇಲೆ ಐಸಿ ಕೂರಿಸಿ. ಎರಡು 9 ವೋಲ್ಟ್ ಬ್ಯಾಟರಿ, ನಡುವಿನ ಜೋಡಣೆ ಗ್ರೌಂಡ್. 8ಕ್ಕೆ ಪ್ಲಸ್, 4ಕ್ಕೆ ಮೈನಸ್. 1 ಮತ್ತು 2 ಸೇರಿಸಿ, 3ನೇ ಕಾಲಿನಿಂದ ಗ್ರೌಂಡಿಗೆ 1 ಮೆಗಾಓಮ್. ಇನ್ನೊಂದು ಅರ್ಧ ಸುಮ್ನೆ ಬಿಡಬೇಡಿ, 6 ಮತ್ತು 7 ಸೇರಿಸಿ 5 ಗ್ರೌಂಡಿಗೆ. 104 ಮರೀಬೇಡಿ. ಈಗ 1ನೇ ಕಾಲು ಅಳೆಯಿರಿ.

ಓಪಿಎ2134ರ ಒಳಗೆ ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇದೆ, ಕಾಲಿನಿಂದ ಕರೆಂಟ್ ಹರಿಯೋದೇ ಇಲ್ಲ ಅನ್ನಬಹುದು. 2 ಮಿಲಿವೋಲ್ಟ್ ಒಳಗೆ ಇರಬೇಕು. ಹತ್ತಾರು ಮಿಲಿವೋಲ್ಟ್ ಬಂದ್ರೆ ಒಳಗೆ ಇರೋದು ಫೆಟ್ ಅಲ್ಲ, ಮೇಲೆ ಹೆಸರು ಮಾತ್ರ ಬರೆದಿದ್ದಾರೆ.

ಜೇವರ್ಗಿ ರಸ್ತೆ

ನಾಲ್ಕನ್ನೂ ಅಳೆದೆ. 38, 41, 36, 44 ಮಿಲಿವೋಲ್ಟ್. ಬ್ಯಾಟರಿಯಿಂದ ಎಳೆಯೋದು 3.4 ಮಿಲಿಆಂಪ್. ಇವು 4558ನೇ ಇರಬೇಕು ಅಲ್ವಾ? ಬೆರಳಿಗೆ ಅಸಿಟೋನ್ ಹಚ್ಚಿ ಉಜ್ಜಿದೆ, ಅಕ್ಷರ ಕರಗಿ ಹೋಯ್ತು. ವಾಪಸ್ ಕಳಿಸಿ ದುಡ್ಡು ಕೇಳಿದ್ದೀನಿ.

ತಂಬೂರಿ ಟೀಚರ್

ಅಯ್ಯೋ. ಒಳಗಿರೋದು ಕಡಿಮೆ ಕರೆಂಟ್ ತಿನ್ನೋ 4558 ಆದ್ರೆ, ಇವನ್ನೇ ಹಾಕಿದ್ರೆ ದನಿ ಒಡೆಯೋದು ನಿಲ್ತಿತ್ತು. ಓಪಿಎ2134 ಎಷ್ಟು ಒಳ್ಳೇದು ಅಂತ ನೀವು ಎಲ್ಲರಿಗೂ ಹೇಳ್ತಿದ್ರಿ.

ಯಾದಗಿರಿ ಬೆಟ್ಟ

ಟೀಚರ್ ಹೇಳಿದ್ದು ನಿಜ, ಅದು ನನಗೆ ಹೊಳೆದೇ ಇರಲಿಲ್ಲ! ಅಣ್ಣಾ, ಕಂಟ್ರೋಲ್ ಬಿಚ್ಚುವಾಗ ಬೋರ್ಡಿನ ತಾಮ್ರ ನೋಡಿಕೊಳ್ಳಿ. ಹಳೇ ಬೋರ್ಡಿನಲ್ಲಿ ಎರಡನೇ ಸಲ ಬಿಸಿ ಮಾಡಿದರೆ ತಾಮ್ರ ಎದ್ದು ಬರುತ್ತೆ. ನಾನು ಹಳೇ ಭಾಗದ ಕಾಲು ಕತ್ತರಿಸಿ, ಒಂದೊಂದೇ ಕಾಲು ಚಿಮುಟದಲ್ಲಿ ಎಳೆದು ತೆಗೀತೀನಿ. ದೊಡ್ಡ ಕೆಪಾಸಿಟರ್ ಖಾಲಿ ಮಾಡಿಕೊಂಡೇ ಕೈ ಹಾಕಿ.

ಜೇವರ್ಗಿ ರಸ್ತೆ

ಎಲ್ಲಾ ಮುಗಿಯಿತು. 317, 337 ಚಿಕ್ಕ ಬೋರ್ಡ್ ಮೇಲೆ ಕೂತಿವೆ. 8ನೇ ಕಾಲು 15.0, 4ನೇ ಕಾಲು ಮೈನಸ್ 14.9. ಕಂಟ್ರೋಲ್ ಎ10ಕೆ, ಮುಂದೆ 4.7. ಅದೇ ಮೊದಲಿನ ನಾಲ್ಕು 5532.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿದೆ. ವಾಲ್ಯೂಮ್ ನಡುವಿಗೆ ತಂದು ಟ್ವೀಟರ್‌ಗೆ ಕಿವಿ ಇಟ್ಟೆ. ಮೊದಲು ಚಾಪೆ ಮೇಲೆ ಕೂತರೂ ಕೇಳಿಸ್ತಿದ್ದ ಸುಂಯ್ ಈಗ ಕಿವಿ ಇಟ್ಟರಷ್ಟೇ. ಬಾಸ್ ಪೂರ್ತಿ ತಿರುಗಿಸಿದೆ, ಒಡೆಯಲಿಲ್ಲ. ಕರಕರ ಇಲ್ಲ. ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಇಷ್ಟು ದಿನ ಸುಂಯ್ ಅಡಿಯಲ್ಲಿ ಮುಚ್ಚಿಹೋಗಿದ್ದ ಸಣ್ಣ ಗುಂಯ್ ಈಗ ಎಡ ಸ್ಪೀಕರಿನಲ್ಲಿ ಕೇಳಿಸ್ತಿದೆ. ವಾಲ್ಯೂಮ್ ಇಳಿಸಿದರೂ ಹೋಗಲ್ಲ.

ಹಳೇ ರೇಡಿಯೋ

ಅದು ಟ್ರಾನ್ಸ್‌ಫಾರ್ಮರ್ ಇರಬೇಕು, ಬೋರ್ಡಿಗೆ ಹತ್ತಿರ ಇದೆಯಾ? ಸೆಟ್ ಆಫ್ ಮಾಡಿ ಬೋಲ್ಟು ಬಿಚ್ಚು, ಅಡಿಗೆ ರಟ್ಟು ಇಟ್ಟು ಕಾಲು ಸುತ್ತು ತಿರುಗಿಸಿ ಕೂರಿಸು, ಮತ್ತೆ ಆನ್ ಮಾಡಿ ಕೇಳು.

ಜೇವರ್ಗಿ ರಸ್ತೆ

ತಿರುಗಿಸಿದೆ ಕಾಕಾ. ಗುಂಯ್ ಬಹಳ ಇಳಿಯಿತು. ಈಗ ಹಳೇ ತೂತು ಹೊಂದಲ್ಲ, ಡಬ್ಬಿಗೆ ಎರಡು ಹೊಸ ತೂತು ಕೊರೆಯಬೇಕು. ಭಾನುವಾರ ಪಕ್ಕದ ಮನೆಯವರ ಡ್ರಿಲ್ ಕೇಳಿದ್ದೀನಿ.